ನಿರೀಕ್ಷಿತ ಉತ್ತರಗಳು ಮುಗಿದ ಮೇಲೆ

೧

ಮೊದಲು ಗಣಪತಿಗೊಂದು ನಮಸ್ಕಾರ. ಅದರಲ್ಲಿ ಅನುಮಾನವಿಲ್ಲ. ಅನುಮಾನ ಇರುವುದು ಎರಡನೆಯ ವಾಕ್ಯದಲ್ಲಿ.

ನಮ್ಮೂರ ಕಡೆ ಕಥೆ ಶುರುವಾಗಬೇಕಾದರೆ ಎದುರಿಗೆ ಒಬ್ಬರು ಕೂತು ಹೂಂಗುಟ್ಟಬೇಕು. "ಒಂದೂರಲ್ಲಿ ಒಬ್ಬಳಿದ್ದಳು" ಅಂದರೆ "ಹೂಂ" ಅನ್ನಬೇಕು. ಹೂಂ ಬರದಿದ್ದರೆ ಕಥೆ ದಾರಿ ತಪ್ಪಿ ಯಾರದೋ ಹೊಲಕ್ಕೆ ನುಗ್ಗುತ್ತದೆ ಎನ್ನುತ್ತಿದ್ದರು ಹಿರಿಯರು. ಪುಸ್ತಕ ಹಿಡಿದಿರುವ ನೀವು ಹೂಂಗುಟ್ಟಿದರೂ ನನಗೆ ಕೇಳಿಸದು. ಬಸ್ಸಿನಲ್ಲಿ ಓದುತ್ತಿದ್ದರೆ ದಯವಿಟ್ಟು ಬೇಡ, ಪಕ್ಕದವರು ಎದ್ದು ಹೋಗುತ್ತಾರೆ. (ಕಾಲು ಚಾಚಲು ಜಾಗ ಬೇಕಿದ್ದರೆ ನಿಮ್ಮಿಷ್ಟ.)

ಮೊದಲ ಪ್ರಯತ್ನ: "ಮಾನವನ ಕಲಿಕೆಯ ಕುರಿತು ಹಲವು ಸಿದ್ಧಾಂತಗಳಿವೆ." ಬರೆದು ನೋಡಿದೆ. ನನಗೇ ಆಕಳಿಕೆ ಬಂತು. ಹೊಡೆದುಹಾಕಿದೆ.

ಎರಡನೆಯದು: "ಬನಶಂಕರಿ ಬಸ್ ನಿಲ್ದಾಣದ ಮೇಲೆ ಮೋಡ ಕವಿದಿತ್ತು." ಮೋಡವನ್ನು ಬೇರೆ ಕೆಲಸಕ್ಕೆಂದು ಎತ್ತಿಟ್ಟಿದ್ದೇನೆ, ಈಗಲೇ ಖರ್ಚು ಮಾಡಲಾರೆ. ಹೊಡೆದುಹಾಕಿದೆ.

ಮೂರನೆಯದು: ಒಂದೂರಲ್ಲಿ ಒಬ್ಬಳಿದ್ದಳು. ಊರು ಗಿರಿನಗರ, ಹೆಸರು ತೇಜಸ್ವಿನಿ, ವಯಸ್ಸು ಮೂವತ್ತಾರು. ಬರುವ ಶುಕ್ರವಾರದೊಳಗೆ ಅವಳು ಒಂದು ಪುಟದ ತತ್ತ್ವ ಬರೆಯಬೇಕಿತ್ತು.

ಇದಿರಲಿ.

೨

ತೇಜಸ್ವಿನಿ ಬಿ.ಎಡ್ ಓದುತ್ತಿದ್ದುದು ಇದು ಮೂರನೆಯ ಸಲ. ಮೊದಲ ಸಲ ಬಸುರಿಯಾಗಿ ಬಿಟ್ಟಳು. ಎರಡನೆಯ ಸಲ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಬಿಟ್ಟಳು. ಈಗ ಮಗ ಐದನೇ ಕ್ಲಾಸು, ಅತ್ತೆ ಓಡಾಡುತ್ತಿದ್ದಾರೆ, ಬಚ್ಚಲಿಗೆ ಒರಟು ಟೈಲ್ಸ್ ಹಾಕಿಸಿದ್ದಾಗಿದೆ. ಬಿಡುವುದಕ್ಕೆ ಕಾರಣವೇ ಉಳಿದಿಲ್ಲ. ಮನೆಯಿಂದ ಎರಡು ಬೀದಿ ಆಚೆಯ ಒಂದು ಶಾಲೆಯವರು "ಜೂನ್‌ಗೆ ಬನ್ನಿ, ಆದ್ರೆ ಬಿ.ಎಡ್ ಮುಗಿಸ್ಕೊಂಡೇ ಬನ್ನಿ" ಎಂದಿದ್ದರು. ಇನ್ನುಳಿದದ್ದು ಎರಡೇ. ಒಂದು, ಉತ್ತರಹಳ್ಳಿ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಕ್ರಿಟಿಸಿಸಂ ಲೆಸನ್. ಅಂದರೆ ಮೇಷ್ಟ್ರು ಕೊನೆಯ ಬೆಂಚಿನಲ್ಲಿ ಕೂತು ತಪ್ಪು ಹಿಡಿಯುವ ಪಾಠ. ಇನ್ನೊಂದು, ‘ನನ್ನ ಬೋಧನಾ ತತ್ತ್ವ’ ಎಂಬ ಒಂದು ಹಾಳೆ. ಎರಡಕ್ಕೂ ಬಿ.ಎಡ್ ಕಾಲೇಜಿನ ಗೌರೀಶಂಕರ ಮೇಷ್ಟ್ರ ಸಹಿ ಬೀಳಬೇಕು. ಬೀಳದಿದ್ದರೆ ಮುಂದಿನ ವರ್ಷ ಮತ್ತೆ ಮೊದಲಿಂದ. ‘ನಾಲ್ಕನೇ ಸಲ’ ಎಂಬ ಮಾತನ್ನು ತೇಜಸ್ವಿನಿ ಕನ್ನಡಿಯ ಎದುರು ಹೇಳಿ ನೋಡಿದ್ದಳು. ಕನ್ನಡಿಯೇ ಮುಖ ತಿರುಗಿಸಿದಂತಾಗಿತ್ತು.

ಹಾಳೆ ಬರೆಯುವುದು ಏನು ಮಹಾ ಎನ್ನುತ್ತೀರಿ. ಹಿಂದೆಲ್ಲ ಮಹಾ ಆಗಿರಲಿಲ್ಲ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಒಂದು ಹಳೇ ಫೈಲು ಇತ್ತು. ವರ್ಷಾವರ್ಷ ಎಲ್ಲರೂ ಅದನ್ನೇ ಇಳಿಸಿಕೊಳ್ಳುವುದು ವಾಡಿಕೆ. ಹೋದ ವರ್ಷ ನಲವತ್ತೆರಡು ಜನ ಒಪ್ಪಿಸಿದ ನಲವತ್ತೆರಡು ಹಾಳೆಗಳೂ "ರೈಲ್ವೆ ಗಾರ್ಡ್ ಆಗಿದ್ದ ನನ್ನ ಪೂಜ್ಯ ತಂದೆಯವರೇ ನನ್ನ ಮೊದಲ ಗುರು" ಎಂದು ಶುರುವಾಗಿದ್ದವು. ಈ ವರ್ಷದ ಮೊದಲ ದಿನವೇ ಗೌರೀಶಂಕರ ಮೇಷ್ಟ್ರು ಆ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದರು.

"ನಲವತ್ತೆರಡು ಜನಕ್ಕೂ ಒಬ್ರೇ ತಂದೆ ಏನ್ರೀ?"

ಮೇಲಿನ ಹಾಳೆಯನ್ನು ಎತ್ತಿ ಹಿಡಿದರು.

"ಅದೂ ಯಾರ ತಂದೆ? ನಮ್ಮಪ್ಪ ಕಣ್ರೀ ಅದು! ಎಂಬತ್ತೊಂಬತ್ತರಲ್ಲಿ ನಾನು ಬರ್ದಿದ್ದು! ಅರಸೀಕೆರೆ ಗಾರ್ಡು ನಮ್ಮಪ್ಪ! ಪುಣ್ಯಾತ್ಮನಿಗೆ ಇಷ್ಟು ಜನ ಮಕ್ಳು ಅಂತ ನಮ್ಮಮ್ಮಂಗೆ ಗೊತ್ತಾಗಿದ್ರೆ ಏನ್ ಗತಿ?"

ಆಮೇಲೆ ನೀರು ಕುಡಿದು ಶಾಂತರಾಗಿ ಹೇಳಿದರು: "ಈ ಸಲ ನಿಮ್ಮದೇ ತತ್ತ್ವ, ನಿಮ್ಮದೇ ಮಾತು. ಅದು ನಿಮ್ ಕ್ಲಾಸಲ್ಲೂ ಕಾಣ್ಬೇಕು. ಕಾಣ್ಲಿಲ್ವಾ, ಸೈನ್ ಇಲ್ಲ. ಮುಂದಿನ ವರ್ಷ ಬನ್ನಿ, ಮತ್ತೆ ನೋಡೋಣ."

೨ (ಇನ್ನೊಂದು. ಮೂರು ಬರೆದಿದ್ದೆ, ಅದರಲ್ಲಿ ಉಪದೇಶ ಜಾಸ್ತಿಯಾಯಿತು, ಕಿತ್ತೆ.)

ಕರಡು ಒಂದು, ವರ್ತನಾವಾದ. ಅಂದರೆ, ಸರಿ ಮಾಡಿದವರಿಗೆ ಬಹುಮಾನ ಕೊಟ್ಟರೆ ಅದನ್ನೇ ಮತ್ತೆ ಮಾಡುತ್ತಾರೆ ಎನ್ನುವ ವಾದ. ಗಂಟೆ ಕೇಳಿದ ನಾಯಿಗೆ ಊಟದ ನೆನಪಾಗಿ ಜೊಲ್ಲು ಸುರಿಯಿತಂತೆ. (ದೇವಸ್ಥಾನದ ಗಂಟೆ ಕೇಳಿದರೆ ನನಗೆ ಪುಳಿಯೋಗರೆ ನೆನಪಾಗುತ್ತದೆ. ನಾಯಿಯನ್ನು ನಾನು ಹಗುರವಾಗಿ ಕಾಣಲಾರೆ.) ತೇಜಸ್ವಿನಿ ಅದೇ ಸರ್ಕಾರಿ ಶಾಲೆಯ ಆರನೇ ಕ್ಲಾಸಿಗೆ ಒಂದು ಡಬ್ಬ ಪೆಪ್ಪರ್‌ಮಿಂಟು ಒಯ್ದು, ಸರಿಯುತ್ತರಕ್ಕೆ ಒಂದೊಂದು ಕೊಟ್ಟಳು. ಮೂರನೆಯ ದಿನ ಶೃತಿ ಎಂಬ ಹುಡುಗಿ ಎದ್ದು ನಿಂತಳು. ಎರಡು ಜಡೆ, ಒಂದು ಹಲ್ಲು ಬಿದ್ದಿದೆ, ವಕೀಲಿ ನಡೆಸುವುದೊಂದೇ ಬಾಕಿ.

"ಮಿಸ್, ತಪ್ಪು ಹೇಳಿದ್ರೆ ಎಷ್ಟು ಪೆಪ್ಪರ್‌ಮಿಂಟು?"

"ತಪ್ಪಾದ್ರೆ ಇಲ್ಲ."

"ಅರ್ಧ ತಪ್ಪಾದ್ರೆ?"

ಕರಡಿಗೆ ಅಡ್ಡಗೆರೆ ಬಿತ್ತು.

ಕರಡು ಎರಡು, ರಚನಾವಾದ. ಮಕ್ಕಳು ತಮ್ಮ ಜ್ಞಾನವನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಟೀಚರ್ ಸುಮ್ಮನೆ ಪಕ್ಕದಲ್ಲಿ ನಿಂತು ಆಸರೆ ಕೊಟ್ಟರೆ ಸಾಕು. ತೇಜಸ್ವಿನಿ ಪಕ್ಕದಲ್ಲಿ ನಿಂತಳು.

"ಮಕ್ಳೇ, ನೀರು ಎಲ್ಲಿಂದ ಬರತ್ತೆ?"

"ಟ್ಯಾಂಕರಿಂದ ಮಿಸ್!" ಮೂವತ್ತೊಂದು ಮಕ್ಕಳು, ಒಂದೇ ಸ್ವರ.

"ಟ್ಯಾಂಕರಿಗೆ ಎಲ್ಲಿಂದ ಬರತ್ತೆ?"

"ಫೋನ್ ಮಾಡಿದ್ರೆ ಬರತ್ತೆ ಮಿಸ್!"

ಜ್ಞಾನವನ್ನು ಕಟ್ಟಿ ಗೃಹಪ್ರವೇಶವನ್ನೂ ಮುಗಿಸಿಬಿಟ್ಟಿದ್ದರು. ಇನ್ನೊಂದು ಅಡ್ಡಗೆರೆ.

ಕರಡು ಮೂರು, ಮಾನವತಾವಾದ. ಮಗುವಿನ ಆಸೆಯೇ ಕಲಿಕೆಯ ಬೇರು. "ನಿಮಗೆ ಏನು ಕಲಿಯೋಕೆ ಆಸೆ?" ಎಂದು ಪ್ರೀತಿಯಿಂದ ಕೇಳಿದಳು. "ಮನೆಗೆ ಹೋಗೋಕೆ ಮಿಸ್" ಎಂದಳು ಶೃತಿ, ಅಷ್ಟೇ ಪ್ರೀತಿಯಿಂದ.

ಕರಡು ನಾಲ್ಕು ನನ್ನದು. ಇದನ್ನು ಹೇಳಲು ಸ್ವಲ್ಪ ಸಂಕೋಚ.

ತೇಜಸ್ವಿನಿ ಆರು ವರ್ಷ ಜೆ.ಪಿ. ನಗರದ ಒಂದು ಮೈದಾನದಲ್ಲಿ ಹೆಂಗಸರಿಗೆ ಸ್ಕೂಟರ್ ಕಲಿಸಿದವಳು. ಹಿಂದಿನಿಂದ ಸೀಟು ಹಿಡಿದು ಜೊತೆಗೇ ಓಡುವುದು, ಕಲಿಯುವವರಿಗೆ ಗೊತ್ತಾಗದಂತೆ ಕೈ ಬಿಡುವುದು. ಆಹಾ! ಗುರುವೆಂದರೆ ಗೊತ್ತಾಗದಂತೆ ಕೈ ಬಿಡುವವಳು! ಇದಕ್ಕಿಂತ ಬೇರೆ ತತ್ತ್ವ ಬೇಕೆ? ಎರಡು ಪ್ಯಾರಾ ಬರೆದು, ಕಣ್ಣು ತುಂಬಿಕೊಂಡು ಅವಳ ಮುಂದೆ ಇಟ್ಟೆ.

ಅವಳು ಓದಿ ಅದರ ಮೇಲೂ ಅಡ್ಡಗೆರೆ ಎಳೆದಳು.

"ಅಕ್ಕಾ, ನಾನು ಹಂಗೆ ಕೈ ಬಿಟ್ಟಾಗ ನಾರಾಯಣಮ್ಮ ಆಂಟಿ ಸೀದಾ ಹೋಗಿ ಎಳನೀರು ಗಾಡಿಗೆ ಗುದ್ದಿದ್ರು. ಅದನ್ನ್ಯಾಕೆ ಬಿಟ್ರಿ?"

"ಸಂದರ್ಭಕ್ಕೆ ಸರಿಹೋಗಲ್ಲ ಅಂತ..."

"ಎಳನೀರಿನವ್ರು ಅಷ್ಟೂ ಕಾಯಿ ಆರಿಸ್ಕೊಡಿ ಅಂತ ನನ್ನ ಸಂಜೆವರ್ಗೂ ಬಿಡ್ಲಿಲ್ಲ. ಆಂಟಿ ಇವತ್ತಿಗೂ ಆಟೋದಲ್ಲೇ ಓಡಾಡ್ತಾರೆ. ತತ್ತ್ವ ಅಂತೆ!"

ಪಾತ್ರಗಳಿಗೆ ಪೂರ್ವಾಶ್ರಮ ಕೊಡುವಾಗ ಜಾಗ್ರತೆಯಾಗಿರಬೇಕು. ಅವರಿಗೆ ಅದು ನೆನಪಿರುತ್ತದೆ.

೪

ಪಾಠಯೋಜನೆಯ ಪುಸ್ತಕ ನೋಡದವರಿಗಾಗಿ ಹೇಳುತ್ತೇನೆ. ಉದ್ದನೆಯ ರೆಕಾರ್ಡು, ಪುಟಕ್ಕೆ ಎರಡು ಕಾಲಂ. ಎಡಗಡೆ ಟೀಚರ್ ಕೇಳುವ ಪ್ರಶ್ನೆ. ಬಲಗಡೆ ಮಕ್ಕಳ ‘ನಿರೀಕ್ಷಿತ ಉತ್ತರ’. ಮಕ್ಕಳು ಬಾಯಿ ತೆರೆಯುವ ಹಿಂದಿನ ದಿನವೇ ಅವರೇನು ಹೇಳುತ್ತಾರೆಂದು ಕೆಂಪು ಗೆರೆ ಎಳೆದು ಅಂದವಾಗಿ ಬರೆದಿಡಬೇಕು. ಬ್ರಹ್ಮ ಹಣೆಯಲ್ಲಿ ಬರೆಯುತ್ತಾನೆ, ಬಿ.ಎಡ್‌ನವರು ಬಲಗಡೆ ಬರೆಯುತ್ತಾರೆ.

"ನೀವೂ ಅದನ್ನೇ ಅಲ್ವಾ ಅಕ್ಕಾ ಮಾಡ್ತಿರೋದು?" ಎಂದಳು ತೇಜಸ್ವಿನಿ ಇದ್ದಕ್ಕಿದ್ದಂತೆ.

"ಏನನ್ನಮ್ಮಾ?"

"ನಾನು ಈಗ ಏನಂತೀನಿ ಅಂತ ಬಲಗಡೆ ಬರ್ಕೊಂಡು ಕೂತಿದೀರಲ್ಲ."

ನಾನು ಹಾಳೆಯನ್ನು ಮೆಲ್ಲಗೆ ಸೆರಗಿನಡಿ ಸರಿಸಿಕೊಂಡೆ.

ಪಾಠ ‘ಜಲಚಕ್ರ’. ಮಕ್ಕಳು ಮತ್ತೆ ಟ್ಯಾಂಕರ್ ಎಂದರೆ ಗತಿಯೇನು? ಆದ್ದರಿಂದ ತೇಜಸ್ವಿನಿ ಎಲ್ಲ ಬಿ.ಎಡ್‌ನವರೂ ಮಾಡುವುದನ್ನೇ ಮಾಡಿದಳು. ಆರು ಪ್ರಶ್ನೆಗಳ ಆರು ಉತ್ತರಗಳನ್ನು ಆರು ಮಕ್ಕಳಿಗೆ ಗುರುವಾರವೇ ಉರು ಹೊಡೆಸಿದಳು. ತಪ್ಪು ಆಗಿದ್ದು ಅದರಲ್ಲಲ್ಲ, ಆಮೇಲೆ ಹೇಳಿದ ಮಾತಿನಲ್ಲಿ.

"ಪ್ರಶ್ನೆ ಏನು ಅಂತ ತಲೆ ಕೆಡಿಸ್ಕೋಬೇಡಿ. ಮೊದಲ್ನೇ ಪ್ರಶ್ನೆ ಬಂದ ತಕ್ಷಣ ಒಂದನೇ ನಂಬರ್ ಎದ್ದು ಹೇಳೋದು. ಎರಡನೇದಕ್ಕೆ ಎರಡನೇ ನಂಬರ್. ಆಯ್ತಾ? ಶೃತಿ, ನೀನು ಆರು. ನಿಂದು ಮುಗಿದ್ಮೇಲೆ ಎಲ್ರೂ ಚಪ್ಪಾಳೆ."

ಇಷ್ಟಕ್ಕೇ ಬಿಡದೆ ಆ ವಾರ ಬನಶಂಕರಮ್ಮನ ಗುಡಿಗೆ ಹೋಗಿ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬೇಡಿಕೊಂಡಿದ್ದಳು: "ಮಕ್ಕಳ ಬಾಯಿಂದ ಉತ್ತರ ಒಂದೂ ತಪ್ಪದಂಗೆ ಬರ್ಲಿ ತಾಯಿ."

ತಾಯಿ ಕೇಳಿಸಿಕೊಂಡಳು. ನಾವು ಬೇಡುವಾಗ ಪ್ರಶ್ನೆಯನ್ನೂ ಸೇರಿಸಿ ಬೇಡಬೇಕು. ಬರೀ ಉತ್ತರ ಬೇಡಿದರೆ ಬರೀ ಉತ್ತರವೇ ಬರುತ್ತದೆ.

೫

ಶುಕ್ರವಾರ, ಹತ್ತೂಮುಕ್ಕಾಲು. ತೇಜಸ್ವಿನಿ ಚಾರ್ಟು ತರಲು ಸ್ಟಾಫ್ ರೂಮಿಗೆ ಹೋಗಿದ್ದಳು. ಗೌರೀಶಂಕರ ಮೇಷ್ಟ್ರು ಐದು ನಿಮಿಷ ಮೊದಲೇ ಬಂದು ಕ್ಲಾಸಿನ ಒಳಗೆ ಇಣುಕಿದರು. ಮಕ್ಕಳೆಲ್ಲ ಎದ್ದು ನಮಸ್ಕಾರ ಹೇಳಿ ಕೂತರು.

"ನಿಮ್ ಮಿಸ್ ಎಲ್ರಮ್ಮಾ?"

ಒಂದನೇ ನಂಬರ್ ಎದ್ದು ಕೈಕಟ್ಟಿ ನಿಂತ. "ಆವಿಯಾಗಿ ಮೇಲೆ ಹೋಗುತ್ತದೆ, ಸಾರ್."

"ಏನಂದೆ?"

ಎರಡನೇ ನಂಬರ್ ಎದ್ದಳು. "ಮೋಡವಾಗುತ್ತದೆ, ಸಾರ್."

"ಯಾರೇ?"

"ಭಾರವಾಗಿ ಕೆಳಗೆ ಬೀಳುತ್ತದೆ, ಸಾರ್."

ಮೇಷ್ಟ್ರು ಗಾಬರಿಯಾಗಿ ಕಿಟಕಿಯ ಹತ್ತಿರ ಹೋಗಿ ಕೆಳಗೆ ಬಗ್ಗಿ ನೋಡಿದರು. "ಎಲ್ಲಿ?"

"ಕೆರೆ, ನದಿ, ಸಮುದ್ರವನ್ನು ಸೇರುತ್ತದೆ, ಸಾರ್."

"ಏನ್ರೋ, ನನ್ ಹತ್ರ ತಮಾಷೆ ಮಾಡ್ತಿದೀರಾ?"

"ಹೌದು, ಮತ್ತೆ ಮತ್ತೆ ಹೀಗೇ ಆಗುತ್ತದೆ, ಸಾರ್."

"ಯಾರು ನಿಮಗೆ ಇದನ್ನೆಲ್ಲ ಹೇಳ್ಕೊಟ್ಟಿದ್ದು?"

ಶೃತಿ ಎದ್ದಳು, ಹಲ್ಲಿಲ್ಲದ ಜಾಗದಿಂದ ಗಾಳಿ ಬಿಡುತ್ತ: "ಜಲಚಕ್ರ, ಸಾರ್!"

ಮೂವತ್ತೊಂದು ಮಕ್ಕಳೂ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯ ನಡುವೆಯೇ ತೇಜಸ್ವಿನಿ ಸುರುಳಿ ಸುತ್ತಿದ ಚಾರ್ಟು ಹಿಡಿದು ಒಳಗೆ ಬಂದಳು. ಮೇಷ್ಟ್ರು ಕೊನೆಯ ಬೆಂಚಿನಲ್ಲಿ ಕೂತಿದ್ದರು, ಮುಖದಲ್ಲಿ ಯಾವ ಭಾವವೂ ಇರಲಿಲ್ಲ. ಚಾರ್ಟು ತೂಗುಹಾಕಿ, ಮನಸ್ಸಿನಲ್ಲೇ ತಾಯಿಯನ್ನು ನೆನೆದು ಕೇಳಿದಳು:

"ಮಕ್ಳೇ, ಬಿಸಿಲಿಗೆ ಕೆರೆಯ ನೀರು ಏನಾಗುತ್ತದೆ?"

ಯಾರೂ ಏಳಲಿಲ್ಲ.

ಒಂದನೇ ನಂಬರಿನತ್ತ ಕಣ್ಣು ಮಿಟುಕಿಸಿದಳು. ಅವನೂ ಮಿಟುಕಿಸಿದ.

"ಹೇಳಪ್ಪಾ, ಏನಾಗುತ್ತದೆ?"

"ಮುಗೀತು ಮಿಸ್. ಎಲ್ಲಾ ಸಾರ್‌ಗೆ ಹೇಳ್ಬಿಟ್ವಿ."

೫, ಆದರೆ ನಿಧಾನವಾಗಿ

ಇಲ್ಲಿ ನಾನು ಕರೆಂಟು ತೆಗೆಯಬಹುದಿತ್ತು. ಬೆಲ್ ಹೊಡೆಸಬಹುದಿತ್ತು, ಇಲ್ಲವೇ ಒಂದು ಕೋತಿಯನ್ನು ಕಿಟಕಿಯಿಂದ ಬಿಡಬಹುದಿತ್ತು. ತೇಜಸ್ವಿನಿ ನನ್ನತ್ತ ನೋಡಿದಳು. ನಾನು ನೋಡಿಯೂ ನೋಡದವಳಂತೆ ಇದ್ದೆ. (ನಿಜ ಹೇಳುತ್ತೇನೆ, ನನ್ನ ಬಲಗಡೆಯ ಕಾಲಂ ಕೂಡ ಅಲ್ಲಿಗೆ ಖಾಲಿಯಾಗಿತ್ತು.)

ಪೀರಿಯಡ್ಡಿನಲ್ಲಿ ಮೂವತ್ತಮೂರು ನಿಮಿಷ ಉಳಿದಿತ್ತು. ಹಿಂದೆ ಮೇಷ್ಟ್ರ ಪೆನ್ನು ಪರಪರ ಓಡುತ್ತಿತ್ತು. ಅಷ್ಟು ಬರೆಯುವುದಕ್ಕೆ ಆಗಿರುವುದಾದರೂ ಏನು? ಬಚ್ಚಲಿನ ಟೈಲ್ಸು, ಎರಡು ಬೀದಿ ಆಚೆಯ ಶಾಲೆ, ಜೂನ್ ತಿಂಗಳು, ಎಲ್ಲವೂ ಒಂದರ ಹಿಂದೊಂದು ತೇಜಸ್ವಿನಿಯ ಕಣ್ಣ ಮುಂದೆ ಹಾದುಹೋದವು.

ಆಗ ಶೃತಿ ಕೈ ಎತ್ತಿದಳು.

"ಮಿಸ್, ಉತ್ರ ಎಲ್ಲಾ ಮುಗೀತಲ್ಲ. ಈಗ ನಾವು ಕೇಳ್ಬೋದಾ?"

"...ಕೇಳು."

"ನಮ್ಮನೆಗೆ ಟ್ಯಾಂಕರ್ ನೀರು ಬರತ್ತಲ್ಲ, ಅದು ಯಾವತ್ತು ಬಿದ್ದ ಮಳೆ?"

ತೇಜಸ್ವಿನಿ ಬಾಯಿ ತೆರೆದಳು. ಎಡಗಡೆಯ ಕಾಲಮ್ಮಿನಲ್ಲಿ ಏನೂ ಇರಲಿಲ್ಲ, ಬಲಗಡೆಯದರಲ್ಲೂ ಇರಲಿಲ್ಲ. ನಾಲ್ಕು ಸಿದ್ಧಾಂತಗಳಲ್ಲಿ ಒಂದೂ ಸಮಯಕ್ಕೆ ಒದಗಲಿಲ್ಲ.

"ಗೊತ್ತಿಲ್ಲ," ಎಂದಳು.

ಮೇಷ್ಟ್ರ ಪೆನ್ನು ನಿಂತಿತು.

"ನಂಗೆ ನಿಜವಾಗ್ಲೂ ಗೊತ್ತಿಲ್ಲ ಕಣೇ. ಯಾರಿಗೆ ಗೊತ್ತಿರತ್ತೆ?"

"ಟ್ಯಾಂಕರ್ ಅಣ್ಣಂಗೆ!" ಎಂದವು ಮಕ್ಕಳು. ಟ್ಯಾಂಕರು ಗೇಟಿನ ಬಳಿ ನಿಂತು ಶಾಲೆಯ ನೆಲದಡಿಯ ಸಂಪಿನೊಳಕ್ಕೆ ನೀರು ಬಿಡುತ್ತಿತ್ತು. (ಪ್ರತಿ ಶುಕ್ರವಾರ ಹನ್ನೊಂದಕ್ಕೆ ಬರುವ ಟ್ಯಾಂಕರು ಅದು. ನಾನು ತರಿಸಿದ್ದಲ್ಲ. ಬೇಕಿದ್ದರೆ ವಾಚ್‌ಮನ್ ಸೋಮನಾಥ್‌ನನ್ನು ಕೇಳಿ.)

ತೇಜಸ್ವಿನಿ ಕೊನೆಯ ಬೆಂಚಿನತ್ತ ನೋಡಿದಳು. "ಸಾರ್, ಇವ್ರನ್ನೆಲ್ಲ ಕರ್ಕೊಂಡು ಕೆಳಗೆ ಹೋಗಿ ಕೇಳ್ಕೊಂಡ್ ಬರ್ಲಾ?"

"ನನ್ನೇನು ಕೇಳ್ತೀರಿ? ಕ್ಲಾಸು ನಿಮ್ಮದು," ಎಂದರು ಮೇಷ್ಟ್ರು. ಮೆಟ್ಟಿಲಿಳಿಯುವಾಗ ನೋಡಿದರೆ ಅವರೇ ಎಲ್ಲರಿಗಿಂತ ಮುಂದಿದ್ದರು.

೭

ಟ್ಯಾಂಕರಿನವನ ಹೆಸರು ಬೈರಣ್ಣ. ಶಾಲೆಯ ಸುತ್ತಲಿನ ಲೇಔಟೆಲ್ಲ ರಾಗಿ ಹೊಲವಾಗಿದ್ದಾಗ ಅದರಲ್ಲಿ ಎರಡೆಕರೆ ಅವನ ಮನೆಯವರದು. ಈಗ ಉಳಿದಿರುವುದು ಒಂದು ಮೂಲೆ, ಮೂಲೆಯಲ್ಲೊಂದು ಬೋರ್‌ವೆಲ್ಲು. ಮೂವತ್ತೊಂದು ಮಕ್ಕಳು ಏಕಾಏಕಿ ಸುತ್ತುವರಿದದ್ದು ನೋಡಿ ಅವನು ಪೈಪು ಬಿಟ್ಟು ಎರಡೂ ಕೈ ಮೇಲೆತ್ತಿದ.

"ಏನ್ ಮೇಡಂ? ನೀರು ಚೆನ್ನಾಗಿಲ್ವಾ?"

"ಚೆನ್ನಾಗಿದೆ ಅಣ್ಣ. ಇದು ಯಾವಾಗ ಬಿದ್ದ ಮಳೆ ಅಂತ ಈ ಮಗು ಕೇಳ್ತಿದಾಳೆ."

ಬೈರಣ್ಣ ತಲೆ ಕೆರೆದುಕೊಂಡ. ಹದಿನೈದು ವರ್ಷದಿಂದ ನೀರು ಹಾಕುತ್ತಿದ್ದವನನ್ನು ಯಾರೂ ಹೀಗೆ ಕೇಳಿರಲಿಲ್ಲ. "ನಮ್ ಬೋರು ಸಾವಿರದ ಇನ್ನೂರು ಅಡಿ ಕಣವ್ವ. ಅಷ್ಟು ಆಳಕ್ಕೆ ನಿನ್ನೆ ಮೊನ್ನೆ ಮಳೆ ಎಲ್ಲೋದಾತು? ಬಂಡೆ ಸಂದೀಲಿ ನಿಧಾನಕ್ಕೆ ಇಳ್ಕಂಡು ಇಳ್ಕಂಡು... ನಮ್ ತಾತ ಇಲ್ಲಿ ರಾಗಿ ಬಿತ್ತೋವಾಗ ಬಿದ್ದಿದ್ ಮಳೆ ಇರ್ಬೇಕು ಇದು."

ಮಕ್ಕಳು ಸಂಪಿನೊಳಗೆ ಬಗ್ಗಿ ನೋಡಿದರು. ಒಂದು ಗಳಿಗೆ ಬರೀ ನೀರು ಬೀಳುವ ಸದ್ದು. ಹರಿಯುವ ನೀರಿಗೆ ಕೈ ಮುಗಿಯುವುದು ನನಗೆ ಚಿಕ್ಕಂದಿನ ಅಭ್ಯಾಸ. ಪೈಪಿನ ನೀರಿಗೂ ಮುಗಿಯಬಹುದೆಂದು ಆ ಗಳಿಗೆಯಲ್ಲಿ ತಿಳಿಯಿತು.

"ಹಂಗಾದ್ರೆ ಬೆಳಿಗ್ಗೆ ನಾನು ಸ್ನಾನ ಮಾಡಿದ್ದು ನಿಮ್ ತಾತನ ಮಳೇಲಾ?" ಎಂದ ಒಂದನೇ ನಂಬರ್.

"ಹೂಂ ಕಣಪ್ಪ."

"ನಿಮ್ ತಾತ ಬೈಯಲ್ವಾ?"

೮

ಮಕ್ಕಳನ್ನು ಬೈರಣ್ಣನಿಗೆ ಒಪ್ಪಿಸಿ ಮೇಷ್ಟ್ರು ತೇಜಸ್ವಿನಿಯನ್ನು ಪಕ್ಕಕ್ಕೆ ಕರೆದರು. ಅವಳ ರೆಕಾರ್ಡು ತೆರೆದರು. ‘ನನ್ನ ಬೋಧನಾ ತತ್ತ್ವ’ ಎಂಬ ತಲೆಬರಹದ ಕೆಳಗೆ ನಾಲ್ಕು ಕರಡುಗಳು, ನಾಲ್ಕರ ಮೇಲೂ ಅಡ್ಡಗೆರೆ.

"ಇದೇನ್ರೀ? ಬರೀ ಹೊಡೆದುಹಾಕಿರೋದೇ ಇದೆ."

"ಹೂಂ ಸಾರ್."

"ಮೊದಲೇ ಉತ್ತರ ಉರು ಹೊಡ್ಸಿದೀರಿ. ಅದೂ ನೆಟ್ಟಗೆ ಹೊಡ್ಸಿಲ್ಲ."

"ಹೂಂ ಸಾರ್."

"ಹೋಗ್ಲಿ, ಬಾಯಲ್ಲಾದ್ರೂ ಹೇಳಿ. ನಿಮ್ ತತ್ತ್ವ ಏನು?" ಮೇಷ್ಟ್ರು ಪೆನ್ನಿನ ಕ್ಯಾಪು ತೆಗೆದರು. ಕ್ಯಾಪು ತೆಗೆದದ್ದು ಸಹಿಗೋ, ಅಡ್ಡಗೆರೆಗೋ, ತಿಳಿಯುವಂತಿರಲಿಲ್ಲ.

ಈ ಕ್ಷಣಕ್ಕೆಂದೇ ನಾನು ಒಂದು ಮಾತು ಸಿದ್ಧಮಾಡಿಟ್ಟಿದ್ದೆ: "ಗುರುವೆಂದರೆ ತನ್ನ ಅಜ್ಞಾನದ ಕತ್ತಲಲ್ಲಿ ಮಕ್ಕಳ ಪ್ರಶ್ನೆಯ ಹಣತೆ ಹಿಡಿದು..." ತೇಜಸ್ವಿನಿ ತುಟಿಯಲ್ಲೇ "ಥೂ" ಅಂದಳು. ಮೇಷ್ಟ್ರಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು.

ಸರಿ. ಹಾಗಾದರೆ ಮುಕ್ತಾಯಗಳನ್ನಾದರೂ ಆರಿಸಿಕೊ ಎಂದೆ.

ಮುಕ್ತಾಯ ಒಂದು: ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಸಹಿ ಹಾಕುತ್ತಾರೆ. ("ಅವ್ರು ಕನ್ನಡಕನೇ ಹಾಕಲ್ಲ ಅಕ್ಕಾ.")

ಮುಕ್ತಾಯ ಎರಡು: ಆಕಾಶದಿಂದ ಪುಷ್ಪವೃಷ್ಟಿಯಂತೆ ಮಳೆ ಸುರಿದು, ಜಲಚಕ್ರವು ಎಲ್ಲರ ಕಣ್ಣೆದುರೇ ಪೂರ್ಣವಾಗುತ್ತದೆ. ಎತ್ತಿಟ್ಟ ಮೋಡ ಇದಕ್ಕೇ. ("ಇದು ಫೆಬ್ರವರಿ.")

ಮುಕ್ತಾಯ ಮೂರು: ಮೇಷ್ಟ್ರು ಅಡ್ಡಗೆರೆ ಎಳೆಯುತ್ತಾರೆ. ತೇಜಸ್ವಿನಿ ಗಿರಿನಗರಕ್ಕೆ ಹೋಗುವ ಬಸ್ಸಿನಲ್ಲಿ

("ಅರ್ಧಕ್ಕೆ ಯಾಕೆ ಬಿಟ್ರಿ?")

ನನ್ನ ಕೈಲಾಗಲಿಲ್ಲ ಕಣಮ್ಮ.

ತೇಜಸ್ವಿನಿ ಮೇಷ್ಟ್ರ ಕಡೆ ತಿರುಗಿ, ನಾನು ಬರೆದುಕೊಡದ ಏನನ್ನೋ ಹೇಳಲು ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ಟ್ಯಾಂಕರಿನ ಬಳಿಯಿಂದ ಬೈರಣ್ಣನ ಕೂಗು.

"ಮೇಷ್ಟ್ರೇ! ವಸಿ ಬನ್ನಿ ಈ ಕಡೆ! ಈ ಹುಡ್ಗಿ ನನ್ ಬಿಡ್ತಾ ಇಲ್ಲ!"

ಶೃತಿ ಅವನ ಅಂಗಿಯ ಚುಂಗು ಹಿಡಿದು ನಿಂತಿದ್ದಳು. "ತಾತನ ಮಳೆ ಮುಗಿದ್ಮೇಲೆ ಯಾರ ಮಳೆ ಬರತ್ತೆ ಅಂದ್ರೆ ಹೇಳ್ತಾನೇ ಇಲ್ಲ ಸಾರ್!"

ಮೇಷ್ಟ್ರು ರೆಕಾರ್ಡನ್ನು ಕಂಕುಳಲ್ಲಿ ಇರುಕಿಕೊಂಡು, ಕ್ಯಾಪಿಲ್ಲದ ಪೆನ್ನು ಹಿಡಿದೇ ಅತ್ತ ನಡೆದರು. "ನೋಡಮ್ಮಾ, ಅಂತರ್ಜಲ ಅಂದ್ರೆ..." ಎಂದು ಶುರುಮಾಡಿದವರು ನಿಂತರು. ಶೃತಿಯ ಮುಖ ನೋಡಿದರು. ಮೂವತ್ತೈದು ವರ್ಷ ಪಾಠ ಮಾಡುವುದನ್ನು ಪಾಠ ಮಾಡಿದವರು ಟ್ಯಾಂಕರಿನ ಫುಟ್‌ಬೋರ್ಡಿನ ಮೇಲೆ ಕೂತುಬಿಟ್ಟರು.

"ಇರ್ರಪ್ಪಾ. ಇದನ್ನ ಸ್ವಲ್ಪ ಯೋಚ್ನೆ ಮಾಡ್ಬೇಕು."

"ಸಾರ್," ಎಂದಳು ತೇಜಸ್ವಿನಿ ಹಿಂದೆಯೇ ಓಡಿಬಂದು, "ಸೈನು..."

"ಇರಮ್ಮಾ, ಕ್ಲಾಸ್ ನಡೀತಿದೆ."

ಸಹಿ ಬಿತ್ತೇ ಎಂದು ನೀವು ಕೇಳುತ್ತೀರಿ. ಪೀರಿಯಡ್ ಮುಗಿಯಲು ಇನ್ನೂ ಹನ್ನೆರಡು ನಿಮಿಷವಿದೆ, ನಾನು ಬೆಲ್ ಹೊಡೆಸುವವಳಲ್ಲ. ಮಕ್ಕಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು, ಬೈರಣ್ಣನೂ ಕೂತ. ತೇಜಸ್ವಿನಿ ಸೀರೆ ಒದ್ದೆಯಾಗದಂತೆ ಎತ್ತಿ ಹಿಡಿದು, ಎಲ್ಲರಿಗಿಂತ ಹಿಂದೆ, ಪೈಪಿನ ಪಕ್ಕ ಜಾಗ ಮಾಡಿಕೊಂಡಳು. ಮೇಷ್ಟ್ರ ಕಂಕುಳಲ್ಲಿದ್ದ ರೆಕಾರ್ಡನ್ನು ಒಂದು ಸಲ ನೋಡಿದಳು. ಸಂಪಿನ ನೀರನ್ನು ಒಂದು ಸಲ ನೋಡಿದಳು. ಆಮೇಲೆ ಕೈ ಎತ್ತಿದಳು.

"ಹೇಳಿ," ಎಂದರು ಮೇಷ್ಟ್ರು.